ಚಿಕ್ಕ ಮನೆ, ಕಡಿಮೆ ಹಣ: ಮೊದಲು ಏನನ್ನು ಕೊಳ್ಳಬೇಕು?

ಕೂಡು ಕುಟುಂಬದ ದೊಡ್ಡ ಮನೆಯಿಂದ ಹೊರಟು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಒಂದು ಬೆಡ್‌ರೂಮಿನ ಬಾಡಿಗೆ ಫ್ಲಾಟ್ ಹಿಡಿಯುವ ಕುಟುಂಬಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಕೆಲವು ಕಡೆ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಕೆಲವು ಕಡೆ ಗಂಡ ಗಲ್ಫ್‌ನಲ್ಲಿ, ಹೆಂಡತಿ ಇಲ್ಲಿ ಮಕ್ಕಳೊಂದಿಗೆ. ಮನೆ ಮಾಲಕರಿಗೆ ಮುಂಗಡ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವುದು ಅಷ್ಟಿಷ್ಟು ಮಾತ್ರ. ಆ ಹಣದಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಸೋಫಾ. ಮನೆಗೆ ಬಂದವರನ್ನು ಕೂರಿಸಬೇಕಲ್ಲ! ಆಮೇಲೆ ಟಿ.ವಿ. ಇಡಲು ಶೋಕೇಸ್, ಅದರ ನಂತರ ಊಟದ ಮೇಜು. ಕೊನೆಗೆ ಮಲಗುವ ಹಾಸಿಗೆಗೆ ಹಣ ಉಳಿದಿರುವುದಿಲ್ಲ. ಊರಿನಿಂದ ತಂದ ಹಳೆಯ, ನಡುವೆ ಗುಂಡಿ ಬಿದ್ದ ಹಾಸಿಗೆಯಲ್ಲೇ ಕಾಲ ಕಳೆಯುತ್ತೇವೆ.

ಮನೆಗೆ ಸಾಮಾನು ಕೊಳ್ಳುವ ಮಾತಿಗೂ ಆರೋಗ್ಯದ ಪುಟಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಮಗುವಿನ ಉಬ್ಬಸ, ತಾಯಿಯ ಬೆನ್ನುನೋವು, ಎಲ್ಲರ ನಿದ್ದೆಗೇಡು, ರಾತ್ರಿ ಹನ್ನೊಂದಾದರೂ ಮುಗಿಯದ ಮನೆಗೆಲಸ ಇವುಗಳಲ್ಲಿ ಎಷ್ಟೋ ಪಾಲು, ಆ ಮೊದಲ ತಿಂಗಳಲ್ಲಿ ನಾವು ಯಾವುದನ್ನು ತಂದೆವು, ಎಲ್ಲಿ ಇಟ್ಟೆವು ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಅಂಗಡಿಗೆ ಹೊರಡುವ ಮೊದಲು ಸ್ವಲ್ಪ ಹೊತ್ತು ಕುಳಿತು ಲೆಕ್ಕ ಹಾಕೋಣ.

ಒಂದು ವಸ್ತುವಿಗೆ ಎರಡು ಬೆಲೆ

ಪ್ರತಿಯೊಂದು ವಸ್ತುವಿಗೂ ಎರಡು ಬೆಲೆ ಇದೆ. ಒಂದನ್ನು ಅಂಗಡಿಯಲ್ಲಿ ಒಮ್ಮೆ ಕೊಡುತ್ತೇವೆ. ಇನ್ನೊಂದನ್ನು ಮನೆಯಲ್ಲಿ ದಿನಾ ಕೊಡುತ್ತಲೇ ಇರುತ್ತೇವೆ. ಗಾಜಿನ ಶೋಕೇಸನ್ನೂ ಅದರೊಳಗಿನ ಅಲಂಕಾರದ ವಸ್ತುಗಳನ್ನೂ ಒರೆಸಿ ಜೋಡಿಸಲು ದಿನಕ್ಕೆ ಬರೇ 10 ನಿಮಿಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 60 ಗಂಟೆಗಿಂತ ಹೆಚ್ಚಾಯಿತು. ಒರೆಸದೆ ಬಿಟ್ಟರೆ ಆ ಧೂಳು ಮಕ್ಕಳ ಮೂಗಿಗೆ ಹೋಗುತ್ತದೆ. ಕೆಲಸಕ್ಕೆ ಹೋಗುವ ತಾಯಿಗೆ ಈ 60 ಗಂಟೆ ಎಲ್ಲಿಂದ ಬರಬೇಕು? ಅವಳ ನಿದ್ದೆಯಿಂದಲೇ ಬರಬೇಕು.

ಹಾಗಾಗಿ ಯಾವುದೇ ವಸ್ತುವಿನ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ದಿನಕ್ಕೆ ಎಷ್ಟು ಗಂಟೆ ನಮ್ಮ ಉಪಯೋಗಕ್ಕೆ ಬರುತ್ತದೆ? ಇದರ ಅಡಿಯಲ್ಲಿ ಮತ್ತು ಹಿಂದೆ ಗುಡಿಸಲು ಆಗುತ್ತದೆಯೇ? ಇದನ್ನು ನೋಡಿಕೊಳ್ಳುವವರು ಯಾರು? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಮಾತ್ರ ಬೆಲೆ ಕೇಳಿ.

ನೆಲದ ಲೆಕ್ಕ

ಚಿಕ್ಕ ಮನೆಯಲ್ಲಿ ಅತ್ಯಂತ ದುಬಾರಿ ವಸ್ತು ಖಾಲಿ ನೆಲ. 10 ಅಡಿ ಅಗಲ, 12 ಅಡಿ ಉದ್ದದ ಹಾಲ್ ಎಂದರೆ 120 ಚದರ ಅಡಿ. ಮೂವರು ಕೂರುವ ಸೋಫಾ ಸುಮಾರು 21 ಚದರ ಅಡಿ ತಿನ್ನುತ್ತದೆ. ಟೀಪಾಯಿ 8. ನಾಲ್ವರ ಊಟದ ಮೇಜಿಗೆ, ಕುರ್ಚಿ ಹಿಂದಕ್ಕೆ ಎಳೆಯುವ ಜಾಗವೂ ಸೇರಿ, ಸುಮಾರು 42. ಶೋಕೇಸಿಗೆ 7 ಅಥವಾ 8. ಇವು ನಾಲ್ಕೇ ಬಂದರೂ ಹೆಚ್ಚುಕಡಿಮೆ 78 ಚದರ ಅಡಿ ಹೋಯಿತು. ಉಳಿದ 42 ಕೂಡ ಒಂದೇ ಕಡೆ ಸಿಗುವುದಿಲ್ಲ. ಬಾಗಿಲ ಬಳಿ ಸ್ವಲ್ಪ, ಮೇಜಿನ ಪಕ್ಕ ಸ್ವಲ್ಪ ಎಂದು ಹಂಚಿಹೋಗಿರುತ್ತದೆ.

ಒಂದು ಮುಸಲ್ಲಾ ಹಾಸಲು ಸುಮಾರು 8 ಚದರ ಅಡಿ ಬೇಕು. ಮನೆಯ ನಾಲ್ವರು ಒಟ್ಟಿಗೆ ನಮಾಝ್ ಮಾಡಬೇಕೆಂದರೆ ಒಂದೇ ಕಡೆ 32 ಚದರ ಅಡಿ ತೆರವಾಗಿರಬೇಕು. ಮಗು ತೆವಳುವುದು, ಆಟವಾಡುವುದು, ಅತಿಥಿಗಳಿಗೆ ಹಾಸಿಗೆ ಹಾಸುವುದು, ಇಸ್ತ್ರಿ ಹಾಕುವುದು ಎಲ್ಲವೂ ಇದೇ ಜಾಗದಲ್ಲಿ ನಡೆಯಬೇಕು. ನಮ್ಮ ಹಿರಿಯರ ಮನೆಗಳಲ್ಲಿ ಹಗಲು ಕೂರುವ ಕೋಣೆಯೇ ರಾತ್ರಿ ಮಲಗುವ ಕೋಣೆ ಆಗುತ್ತಿತ್ತು. ಬೆಳಿಗ್ಗೆ ಹಾಸಿಗೆ ಸುತ್ತಿಡುತ್ತಿದ್ದರು, ಊಟಕ್ಕೆ ಸುಪ್ರ ಹಾಸುತ್ತಿದ್ದರು, ಊಟವಾದ ಮೇಲೆ ಅದನ್ನು ಒರೆಸಿ ಮಡಚಿಡುತ್ತಿದ್ದರು. ಫ್ಲಾಟಿನ ಬದುಕಿಗೆ ಇದಕ್ಕಿಂತ ಹೊಂದುವ ಕ್ರಮ ಬೇರೆ ಇಲ್ಲ.

ಆದರೆ ಮೊಣಕಾಲು ನೋವಿರುವ ಹಿರಿಯರಿಗೂ ಗರ್ಭಿಣಿಯರಿಗೂ ನೆಲದಲ್ಲಿ ಕೂತು ಏಳುವುದು ಕಷ್ಟ. ಅವರಿಗಾಗಿ ಕೈ ಆನಿಸುವ ಹಿಡಿಯಿರುವ, ಸುಮಾರು ಒಂದೂವರೆ ಅಡಿ ಎತ್ತರದ ಎರಡು ಗಟ್ಟಿ ಕುರ್ಚಿಗಳನ್ನು ಇಟ್ಟುಕೊಳ್ಳಿ. ತಗ್ಗಿನ, ಮೆತ್ತನೆಯ ಸೋಫಾದಿಂದ ಏಳುವುದು ಅವರಿಗೆ ನೆಲದಿಂದ ಏಳುವಷ್ಟೇ ತ್ರಾಸ. ಬಂದವರನ್ನು ಕೂರಿಸಲು ಈ ಕುರ್ಚಿಗಳೂ ಗೋಡೆಗೆ ಒರಗಿಸಿದ ದಿಂಬುಗಳೂ ಸಾಕು. ಮಡಚುವ ಮೇಜು ಒಂದಿದ್ದರೆ ಮಕ್ಕಳ ಓದಿಗೂ ಆಯಿತು, ಊಟಕ್ಕೂ ಆಯಿತು.

ಮೊದಲ ತಿಂಗಳು ಮನೆಯನ್ನು ನೋಡಿ

ಚಾಪೆ, ಹಾಸಿಗೆ, ಅಡುಗೆಯ ಪಾತ್ರೆ, ಫ್ಯಾನು, ಬಕೆಟು ಇಷ್ಟರಲ್ಲೇ ಮೂರು ನಾಲ್ಕು ವಾರ ಕಳೆಯಿರಿ. ಈ ದಿನಗಳಲ್ಲಿ ಮನೆಯೇ ನಿಮಗೆ ಬಹಳಷ್ಟು ಹೇಳಿಕೊಡುತ್ತದೆ. ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಗಾಳಿ ಯಾವ ಕಡೆಯಿಂದ ಹಾಯುತ್ತದೆ, ಯಾವ ಗೋಡೆ ಕೈಗೆ ತಣ್ಣಗೆ ಒದ್ದೆಯಾಗಿ ತಾಗುತ್ತದೆ, ಪ್ಲಗ್ ಎಲ್ಲಿವೆ, ಬಟ್ಟೆ ಎಲ್ಲಿ ಒಣಗುತ್ತದೆ ಎಂದು ಗಮನಿಸಿ. ಕಿಟಕಿಗೆ ಅಡ್ಡವಾಗಿ ಕಪಾಟು ನಿಲ್ಲಿಸಿದರೆ ಗಾಳಿ ಬೆಳಕು ಎರಡೂ ಹೋಯಿತು. ಆಮೇಲೆ ಹಗಲಿಗೂ ಲೈಟು ಉರಿಸಬೇಕು.

ನಮ್ಮ ಕರಾವಳಿಯಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯ ತೇವವೇ ದೊಡ್ಡ ಸಮಸ್ಯೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಗೋಡೆಯಲ್ಲಿ, ಚಪ್ಪಲಿಯಲ್ಲಿ, ಕಪಾಟಿನ ಹಿಂಬದಿಯಲ್ಲಿ ಬೂಷ್ಟು ಬೆಳೆಯುತ್ತದೆ. ಹಾಸಿಗೆ, ದಿಂಬು, ಕಾರ್ಪೆಟ್, ಸೋಫಾದ ಬಟ್ಟೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಹುಳುಗಳು ವಾಸಿಸುತ್ತವೆ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಇವುಗಳ ಆಹಾರ. ಇವು ಕಚ್ಚುವುದಿಲ್ಲ, ಆದರೆ ಇವುಗಳ ಹಿಕ್ಕೆ ಗಾಳಿಯಲ್ಲಿ ಬೆರೆತು ಅಲರ್ಜಿ ಇರುವವರಲ್ಲಿ ಸೀನು, ಮೂಗು ಕಟ್ಟುವಿಕೆ, ಉಬ್ಬಸ ತರುತ್ತದೆ. ಅಸ್ತಮಾ ಇರುವ ಮಗುವಿನ ಕೋಣೆಯಲ್ಲಿ ಬೂಷ್ಟೂ ಧೂಳೂ ಸೇರಿದರೆ ಔಷಧಿ ಮಾತ್ರದಿಂದ ರೋಗ ಹತೋಟಿಗೆ ಬರುವುದು ಕಷ್ಟ.

ಇದಕ್ಕೆ ದುಡ್ಡಿನ ಉಪಾಯಕ್ಕಿಂತ ಅಭ್ಯಾಸದ ಉಪಾಯಗಳೇ ಹೆಚ್ಚು. ಮಂಚ, ಕಪಾಟುಗಳನ್ನು ಹೊರಗೋಡೆಯಿಂದ ಮೂರು ನಾಲ್ಕು ಇಂಚು ದೂರ ಇಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಬಾಲ್ಕನಿಯಲ್ಲಿ ಆಗದಿದ್ದರೆ ಹಾಲ್‌ನಲ್ಲಿ ಕಿಟಕಿ ತೆರೆದು ಫ್ಯಾನಿನ ಕೆಳಗೆ ಹಾಕಿ. ಸ್ನಾನ ಮತ್ತು ಅಡುಗೆಯ ಸಮಯದಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಲಿ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವುದನ್ನು ಬಿಟ್ಟುಬಿಡಿ. ತೊಳೆಯಲು ಬರುವ ಚಾಪೆ, ಜಮಖಾನ ಸಾಕು. ಮುಸಲ್ಲಾಗಳನ್ನೂ ಆಗಾಗ ಒಗೆದು ಬಿಸಿಲಿಗೆ ಹಾಕಿ. ಹಣೆ, ಮೂಗು ತಾಗುವ ಜಾಗವಲ್ಲವೇ ಅದು!

ಮೊದಲ ಹಣ ನಿದ್ದೆಗೆ

ನಾವು ದಿನದ ಮೂರನೇ ಒಂದು ಭಾಗವನ್ನು ಹಾಸಿಗೆಯಲ್ಲಿ ಕಳೆಯುತ್ತೇವೆ. ಮನೆಯ ಬೇರೆ ಯಾವ ವಸ್ತುವೂ ಇಷ್ಟು ಹೊತ್ತು ನಮ್ಮ ಮೈಗೆ ತಾಗಿರುವುದಿಲ್ಲ. ದೊಡ್ಡವರಿಗೆ ರಾತ್ರಿ ಕನಿಷ್ಠ 7 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಆದ್ದರಿಂದ ಹಣದ ದೊಡ್ಡ ಪಾಲು ಇಲ್ಲಿಗೆ ಹೋಗಲಿ.

ದಪ್ಪ, ಎತ್ತರದ ದುಬಾರಿ ಹಾಸಿಗೆಯೇ ಬೇಕೆಂದಿಲ್ಲ. ಮಲಗಿದಾಗ ಸೊಂಟ ಒಳಗೆ ಹೂತುಹೋಗಬಾರದು, ಬದಿ ತಿರುಗಲು ಕಷ್ಟವಾಗಬಾರದು, ಇಷ್ಟು ನೋಡಿದರೆ ಸಾಕು. ಹತ್ತಿಯ ಹಾಸಿಗೆಯಾದರೆ ಎತ್ತಿ ಬಿಸಿಲಿಗೆ ಹಾಕಬಹುದು, ಗಂಟು ಕಟ್ಟಿದಾಗ ಹತ್ತಿ ಹಿಂಜಿಸಿ ಮತ್ತೆ ಹೊಲಿಸಬಹುದು. ಯಾವ ಹಾಸಿಗೆಯೇ ಆಗಲಿ, ಬಿಚ್ಚಿ ಒಗೆಯಲು ಬರುವ ಹೊದಿಕೆ ಹಾಕಿಸಿ. ಬೆಡ್‌ಶೀಟ್, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಒಗೆಯಿರಿ. ಅಲರ್ಜಿ ಇರುವವರ ಮನೆಯಲ್ಲಿ ಸುಮಾರು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಧೂಳಿನ ಹುಳುಗಳು ಸಾಯುತ್ತವೆ.

ನೆಲದಲ್ಲಿ ಹಾಸಿಗೆ ಹಾಸುವವರು ಎದ್ದ ಕೂಡಲೇ ಸುತ್ತಿಡಬೇಡಿ. ರಾತ್ರಿಯ ಬೆವರು ಅದರಲ್ಲಿರುತ್ತದೆ. ಅರ್ಧ ಗಂಟೆ ಕಿಟಕಿ ತೆರೆದು ಗಾಳಿಗೆ ಬಿಟ್ಟು ಆಮೇಲೆ ಮಡಚಿ. ಒಂದು ವರ್ಷದೊಳಗಿನ ಶಿಶುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿನಲ್ಲಿ, ದಿಂಬಿಲ್ಲದೆ, ಅಂಗಾತ ಮಲಗಿಸಬೇಕು. ಜಾಗವಿಲ್ಲವೆಂದು ಸೋಫಾದಲ್ಲಿ ಮಲಗಿಸುವುದು ಅಪಾಯ. ಮೆತ್ತೆಗಳ ನಡುವೆ ಸಿಕ್ಕಿ ಶಿಶುವಿಗೆ ಉಸಿರುಕಟ್ಟಬಹುದು.

ಹಳೆಯದನ್ನು ಕೊಳ್ಳುವಾಗ

ಹಳೆಯ ಪೀಠೋಪಕರಣ ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಹಳೆಯ ಮರದ ಮೇಜು, ಕುರ್ಚಿ, ಮಂಚಗಳು ಅದೇ ಬೆಲೆಯ ಹೊಸ ಪಾರ್ಟಿಕಲ್ ಬೋರ್ಡಿನ ಸಾಮಾನಿಗಿಂತ ಹೆಚ್ಚು ಬಾಳುತ್ತವೆ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ನೀರು ತಾಗಿದರೆ ಅದು ಉಬ್ಬುತ್ತದೆ, ಅಂಚು ಉದುರುತ್ತದೆ. ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲವೂ ನಿಧಾನವಾಗಿ ಹೊರಬರುತ್ತದೆ. ಹೊಸ ಕಪಾಟು ತೆರೆದಾಗ ಕಣ್ಣು ಉರಿದು ಮೂಗಿಗೆ ಘಾಟು ಬಡಿಯುವುದು ಇದರಿಂದಲೇ. ಅಂತಹ ಕಪಾಟನ್ನು ತಂದರೆ ಕೆಲವು ದಿನ ಬಾಗಿಲು ತೆರೆದಿಟ್ಟು, ಕಿಟಕಿ ತೆರೆದು ಗಾಳಿಯಾಡಿಸಿ. ಪಟ್ಟಿ ಹಚ್ಚದ ಬರಿಯ ಅಂಚುಗಳನ್ನು ಮುಚ್ಚಿಸಿ. ಮಕ್ಕಳು ಮಲಗುವ ಕೋಣೆಯಲ್ಲಿ ಆ ದಿನಗಳಲ್ಲಿ ಇಡಬೇಡಿ.

ಹಳೆಯದರಲ್ಲಿ ಇರುವ ಅಪಾಯ ತಿಗಣೆಯದ್ದು. ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಮಂಚದ ಕೀಲು, ಬೆತ್ತದ ಹೆಣಿಗೆ, ಸ್ಕ್ರೂ ತೂತು, ಮೆತ್ತೆಯ ಹೊಲಿಗೆ ಇವೆಲ್ಲ ಅದರ ಅಡಗುತಾಣಗಳು. ಕೊಳ್ಳುವ ಮೊದಲು ಟಾರ್ಚ್ ಹಿಡಿದು ಈ ಸಂದಿಗಳನ್ನು ನೋಡಿ. ಕಪ್ಪು ಚುಕ್ಕೆಗಳು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಹಳೆಯ ಹಾಸಿಗೆ, ದಿಂಬು, ಬಟ್ಟೆ ಹೊದಿಸಿದ ಸೋಫಾಗಳನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಮರ ಮತ್ತು ಕಬ್ಬಿಣದ್ದಾದರೆ ಬಾಲ್ಕನಿಯಲ್ಲೇ ಕೀಲು ಬಿಚ್ಚಿ, ಸೋಪಿನ ನೀರಿನಿಂದ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ ಒಳಗೆ ತನ್ನಿ.

ಎತ್ತರದ ಕಪಾಟು ಹಳೆಯದಿರಲಿ, ಹೊಸದಿರಲಿ, ಅದನ್ನು ಗೋಡೆಗೆ ಬಿಗಿಸಿ. ಮಕ್ಕಳು ಡ್ರಾಯರ್‌ಗಳನ್ನು ಮೆಟ್ಟಿಲಿನಂತೆ ಹತ್ತುತ್ತಾರೆ. ಹಾಗೆ ಹತ್ತಿದಾಗ ಕಪಾಟೇ ಮಗುವಿನ ಮೇಲೆ ಮಗುಚಬಹುದು. ಒಂದು ಕಬ್ಬಿಣದ ಪಟ್ಟಿ, ಎರಡು ಸ್ಕ್ರೂ ಇದನ್ನು ತಡೆಯುತ್ತವೆ. ಬಾಡಿಗೆ ಮನೆಯಾದರೆ ಮಾಲಕರ ಒಪ್ಪಿಗೆ ಪಡೆದು ಬಿಗಿಸಿ. ಭಾರದ ವಸ್ತು ಕೆಳಗೆ, ಹಗುರವಾದದ್ದು ಮೇಲೆ ಇರಲಿ. ಕಿಟಕಿ ಮತ್ತು ಬಾಲ್ಕನಿಯ ಬಳಿ ಮಕ್ಕಳು ಹತ್ತಬಹುದಾದ ಮಂಚ, ಸ್ಟೂಲ್ ಇಡಬೇಡಿ.

ಅಡುಗೆಕೋಣೆ, ಬಚ್ಚಲು ಮತ್ತು ಪ್ಲಗ್

ಫ್ಲಾಟಿನ ಅಡುಗೆಕೋಣೆ ಚಿಕ್ಕದು, ಹೊಗೆ ಒಳಗೇ ಉಳಿಯುತ್ತದೆ. ದುಬಾರಿ ಚಿಮಣಿಗೆ ಹಣವಿಲ್ಲದಿದ್ದರೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕಿಟಕಿ ತೆರೆದಿಡಿ. ಗ್ಯಾಸ್ ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಸ್ಟವ್ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರ್ ಕೊಳವೆಯ ಮೇಲೆ ಅಚ್ಚಾದ ದಿನಾಂಕ ನೋಡಿ 5 ವರ್ಷಕ್ಕೊಮ್ಮೆ ಬದಲಿಸಿ. ರಾತ್ರಿ ರೆಗ್ಯುಲೇಟರ್ ಮುಚ್ಚಿ. ಅನಿಲ ಸೋರುವ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಗ್ಯಾಸ್ ಗೀಝರ್ ಕಡಿಮೆ ಖರ್ಚಿನದ್ದು ಎಂದು ಹಲವರು ಅದನ್ನು ಬಚ್ಚಲಿನೊಳಗೇ ಹಾಕಿಸುತ್ತಾರೆ. ಇದು ಪ್ರಾಣಕ್ಕೇ ಕುತ್ತು. ಬಾಗಿಲು ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆ ತಿರುಗುವಿಕೆ, ವಾಕರಿಕೆ ಕಾಣಿಸಿಕೊಳ್ಳುವಷ್ಟರಲ್ಲಿ ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿರುತ್ತಾರೆ. ಗ್ಯಾಸ್ ಗೀಝರ್ ಇದ್ದರೆ ಅದು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಬಾಡಿಗೆ ಮನೆಯಲ್ಲಿ ಒಳಗೇ ಇದ್ದರೆ ಹೊರಗೆ ಹಾಕಿಸಿಕೊಡಲು ಮಾಲಕರನ್ನು ಒತ್ತಾಯಿಸಿ. ಅಲ್ಲಿಯವರೆಗೆ ಒಲೆಯಲ್ಲಿ ನೀರು ಕಾಯಿಸಿಕೊಳ್ಳಿ.

ಪ್ಲಗ್ ಕಡಿಮೆ ಇದ್ದಾಗ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ನಾಲ್ಕು ಯಂತ್ರ ಸಿಕ್ಕಿಸುತ್ತೇವೆ. 6 ಆಂಪಿಯರ್‌ನ ಚಿಕ್ಕ ಪ್ಲಗ್ ಹೊರುವ ಭಾರ ಸುಮಾರು 1,380 ವ್ಯಾಟ್. 1,000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಮತ್ತು 750 ವ್ಯಾಟ್‌ನ ಮಿಕ್ಸಿ ಒಟ್ಟಿಗೆ ಓಡಿದರೆ ಆ ಮಿತಿ ದಾಟಿತು, ವಯರ್ ಬಿಸಿಯಾಗತೊಡಗುತ್ತದೆ. ಫ್ರಿಜ್, ವಾಷಿಂಗ್ ಮಷಿನ್, ಗೀಝರ್‌ಗಳಿಗೆ ತಮ್ಮದೇ ಪ್ಲಗ್ ಇರಲಿ. ಸೋಫಾಕ್ಕೆ ಕೊಡುವ ಹಣದ ಸ್ವಲ್ಪ ಭಾಗದಲ್ಲೇ ಎಲೆಕ್ಟ್ರಿಷಿಯನ್ ಬಂದು ಒಂದೆರಡು ದೊಡ್ಡ ಪ್ಲಗ್ ಹಾಕಿಕೊಡುತ್ತಾರೆ.

ಕಿಟಕಿಗಳಿಗೆ ಸೊಳ್ಳೆಪರದೆ ಜಾಲರಿ ಹಾಕಿಸುವುದನ್ನು ಪರದೆಯ ಬಟ್ಟೆಗಿಂತ ಮೊದಲು ಮಾಡಿ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುತ್ತದೆ, ಮನೆಯೊಳಗಿನ ಸ್ವಚ್ಛ ನೀರಿನಲ್ಲೇ ಮೊಟ್ಟೆ ಇಡುತ್ತದೆ. ನೀರು ತುಂಬಿಟ್ಟ ಡ್ರಮ್, ವುಝೂಗೆ ಇಟ್ಟ ಬಕೆಟು, ಫ್ರಿಜ್‌ನ ಹಿಂದಿನ ತಟ್ಟೆ, ಹೂಕುಂಡದ ಅಡಿಯ ಬಟ್ಟಲು ಇವನ್ನೆಲ್ಲ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ.

ಕೈಯಲ್ಲಿರುವ ಹಣ ಮತ್ತು ಕಂತಿನ ಆಸೆ

ಫ್ರಿಜ್, ವಾಷಿಂಗ್ ಮಷಿನ್ ಬಿಟ್ಟು ನಿಮ್ಮಲ್ಲಿ 50,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಅದನ್ನು ಹೀಗೆ ಹಂಚಬಹುದು: ಹಾಸಿಗೆ, ಮಂಚಕ್ಕೆ 18,000, ಎಕ್ಸಾಸ್ಟ್ ಫ್ಯಾನ್, ಪ್ಲಗ್, ಕಿಟಕಿಯ ಜಾಲರಿಗೆ 10,000, ಬಟ್ಟೆ ಪಾತ್ರೆ ಇಡುವ ಕಪಾಟಿಗೆ 8,000, ಎರಡು ಕುರ್ಚಿ, ಒಂದು ಮಡಚುವ ಮೇಜಿಗೆ 4,000. ಉಳಿದ 10,000 ರೂಪಾಯಿಯನ್ನು ಮೂರು ತಿಂಗಳು ಮುಟ್ಟಬೇಡಿ. ಮನೆಗೆ ನಿಜವಾಗಿ ಏನು ಬೇಕು ಎಂಬುದು ತಿಳಿಯುವುದು ಆಮೇಲೆಯೇ. ಅಂಕಿಗಳನ್ನು ನಿಮ್ಮ ಶಕ್ತಿಗೆ ತಕ್ಕಂತೆ ಬದಲಿಸಿಕೊಳ್ಳಿ, ಕ್ರಮವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಿ.

ಅಂಗಡಿಯವರು "ಬಡ್ಡಿಯಿಲ್ಲದ ಕಂತು" ಎನ್ನುತ್ತಾರೆ. ಬಡ್ಡಿಯಿಂದ ದೂರವಿರಲು ಬಯಸುವ ನಾವು ಈ ಮಾತನ್ನು ಎಚ್ಚರದಿಂದ ಕೇಳಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಅನೇಕ ಯೋಜನೆಗಳಲ್ಲಿ ಬಡ್ಡಿಯ ಮೊತ್ತ ಪ್ರೊಸೆಸಿಂಗ್ ಶುಲ್ಕದ ಹೆಸರಿನಲ್ಲೋ, ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ತಪ್ಪುವ ರೂಪದಲ್ಲೋ ಅಡಗಿರುತ್ತದೆ. ನಗದಿಗೆ ಎಷ್ಟು, ಕಂತಿಗೆ ಒಟ್ಟು ಎಷ್ಟು ಎಂದು ಎರಡನ್ನೂ ಬರೆಸಿಕೊಂಡು ಹೋಲಿಸಿ. ವ್ಯತ್ಯಾಸ ಅಲ್ಲೇ ಕಾಣುತ್ತದೆ. ಸಾಲದ ಚಿಂತೆ ರಾತ್ರಿಯ ನಿದ್ದೆಯನ್ನೂ ಕದಿಯುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅವಸರದ ದಿನಕ್ಕೆ ಒಂದು ಕ್ರಮ

ಬೆಳಿಗ್ಗೆ ಮಕ್ಕಳ ಮದ್ರಸಾ, ಆಮೇಲೆ ಶಾಲೆ, ನಮ್ಮ ಕೆಲಸ, ಸಂಜೆ ಅಡುಗೆ, ಮಕ್ಕಳ ಪಾಠ. ಈ ಓಟದಲ್ಲಿ ಶುಚಿತ್ವವನ್ನು ರವಿವಾರಕ್ಕೆ ಮುಂದೂಡಿದರೆ ರವಿವಾರವೇ ಇಲ್ಲವಾಗುತ್ತದೆ. ನಮ್ಮ ದಿನವನ್ನು ಐದು ಹೊತ್ತಿನ ನಮಾಝ್ ಆಗಲೇ ಭಾಗ ಮಾಡಿಕೊಟ್ಟಿದೆ. ಸಣ್ಣ ಕೆಲಸಗಳನ್ನು ಅದಕ್ಕೇ ಜೋಡಿಸಿಕೊಂಡರೆ ನೆನಪಿಡುವ ಕಷ್ಟವಿಲ್ಲ.

ಸುಬಹಿಯ ನಂತರ ಕಿಟಕಿಗಳನ್ನು ತೆರೆಯಿರಿ, ಹಾಸಿಗೆ ಗಾಳಿಗೆ ಬಿಡಿ. ತಿಂಡಿ ತಯಾರಾಗುವಷ್ಟರಲ್ಲಿ ಮಕ್ಕಳು ತಮ್ಮ ತಮ್ಮ ಹಾಸಿಗೆ ಮಡಚಲಿ. ಅಸರ್‌ನ ಹೊತ್ತಿಗೆ ಮನೆಯಲ್ಲಿರುವವರು ಒಣಗಿದ ಬಟ್ಟೆ ಒಳಗೆ ತಂದು ಆಗಲೇ ಮಡಚಿಡಲಿ. ಕುರ್ಚಿಯ ಮೇಲೆ ರಾಶಿ ಹಾಕಿದ ಬಟ್ಟೆ ಮೂರು ದಿನ ಅಲ್ಲೇ ಇರುತ್ತದೆ. ಇಶಾ ನಂತರ ಎಲ್ಲರೂ ಸೇರಿ ಹತ್ತು ನಿಮಿಷ: ಸಿಂಕ್‌ನಲ್ಲಿ ಪಾತ್ರೆ ಉಳಿಯಬಾರದು, ನೆಲದ ಮೇಲೆ ವಸ್ತು ಉಳಿಯಬಾರದು, ನಾಳಿನ ಚೀಲಗಳು ಬಾಗಿಲ ಬಳಿ ಸಿದ್ಧವಾಗಿರಬೇಕು, ಗ್ಯಾಸ್ ರೆಗ್ಯುಲೇಟರ್ ಮುಚ್ಚಿರಬೇಕು. ಮೊಬೈಲುಗಳು ಹಾಲ್‌ನಲ್ಲೇ ಚಾರ್ಜಿಗೆ ಇರಲಿ, ಮಲಗುವ ಕೋಣೆಗೆ ಬರುವುದು ಬೇಡ.

ಅಡುಗೆಯಲ್ಲೂ ಹಾಗೆಯೇ. ರಜೆಯ ದಿನ ತೆಂಗಿನಕಾಯಿಯ ಮಸಾಲೆ ರುಬ್ಬಿ, ಒಂದು ಹೊತ್ತಿಗೆ ಬೇಕಾಗುವಷ್ಟರ ಚಿಕ್ಕ ಡಬ್ಬಿಗಳಲ್ಲಿ ಫ್ರೀಝರ್‌ನಲ್ಲಿಟ್ಟರೆ ವಾರದ ಸಂಜೆಗಳಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಬೆಂದ ಅನ್ನ, ಸಾರು, ಮಾಂಸವನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ. ಅಗಲ ಪಾತ್ರೆಗೆ ಹಾಕಿದರೆ ಬೇಗ ಆರುತ್ತದೆ, ಆಮೇಲೆ ಫ್ರಿಜ್‌ಗೆ ಇಡಿ. ತಿನ್ನುವಾಗ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ.

ಈ ಕ್ರಮ ಒಬ್ಬರ ಹೆಗಲ ಮೇಲೆ ಬಿದ್ದರೆ ನಿಲ್ಲುವುದಿಲ್ಲ. ಪ್ರವಾದಿವರ್ಯರು (ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರು ಎಂಬುದು ನಮಗೆಲ್ಲ ತಿಳಿದೇ ಇದೆ. ಇಶಾ ನಂತರದ ಆ ಹತ್ತು ನಿಮಿಷದಲ್ಲಿ ತಂದೆಯ ಕೈಯಲ್ಲಿ ಪಾತ್ರೆ ಉಜ್ಜುವ ನಾರು, ಮಗನ ಕೈಯಲ್ಲಿ ಪೊರಕೆ ಇದ್ದರೆ ಮನೆಯ ತಾಯಿಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ.

ಇಷ್ಟಾದ ಮೇಲೂ ಸೋಫಾ ಬೇಕೆನಿಸಿದರೆ ಖಂಡಿತ ಕೊಳ್ಳಿ. ಆದರೆ ಅದನ್ನು ಕೊನೆಯಲ್ಲಿ ಕೊಳ್ಳಿ, ತೆಗೆದಿಟ್ಟ ಹಣದಿಂದ ಕೊಳ್ಳಿ, ಅಡಿಯಲ್ಲಿ ಪೊರಕೆ ಹೋಗುವಷ್ಟು ಎತ್ತರದ ಕಾಲುಗಳಿರುವುದನ್ನು ಕೊಳ್ಳಿ. ಅತಿಥಿಗಳು ಬರುವುದು ವಾರಕ್ಕೊಮ್ಮೆ. ನೀವು ಮತ್ತು ನಿಮ್ಮ ಮಕ್ಕಳು ಆ ಮನೆಯ ಗಾಳಿಯನ್ನು ಪ್ರತಿದಿನ ಉಸಿರಾಡುತ್ತೀರಿ.